ಮೇಷ್ಟ್ರ ಮತ ಯಾರಿಗೆ?

2003ರ ಜನವರಿ. ಅಮೆರಿಕವು ಇರಾಕಿನ ಮೇಲೆ ಯುದ್ಧ ಹೂಡಲು ಸಜ್ಜಾಗಿದ್ದ ದಿನಗಳು. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 4ರಿಂದ 6ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಪ್ರಚಲಿತ ವಿದ್ಯಮಾನದ ಪಾಠ ಕೇಳುತ್ತಿದ್ದರು. ಕೈಯಲ್ಲಿದ್ದದ್ದು ಮಕ್ಕಳಿಗೆಂದೇ ಬರುವ ‘ಟೈಮ್ ಫಾರ್ ಕಿಡ್ಸ್’ ಪತ್ರಿಕೆ, ಅದರಲ್ಲಿ ಯುದ್ಧ ಬೇಡವೆಂದು ನಡೆದ ಮೆರವಣಿಗೆಯ ಸುದ್ದಿ. ಒಂದು ಮಗು ಕೇಳಿತು, ಟೀಚರ್, ನೀವೂ ಇಂಥದ್ದಕ್ಕೆಲ್ಲ ಹೋಗ್ತೀರಾ? ‘ಶಾಂತಿ ಬೇಕೆನ್ನುವವರು ಹಾರ್ನ್ ಮಾಡಿ’ ಎಂಬ ಫಲಕ ಹಿಡಿದು ನಿಂತವರ ಮುಂದೆ ಹೋಗುವಾಗ ತಾನು ಹಾರ್ನ್ ಮಾಡಿದ್ದೆ ಎಂದರು ಶಿಕ್ಷಕಿ. ಯುದ್ಧಕ್ಕೆ ಇಳಿಯುವ ಮೊದಲು ಶಾಂತಿಯ ದಾರಿ ಹುಡುಕಬೇಕು ಎಂಬ ಒಂದು ಮಾತನ್ನೂ ಸೇರಿಸಿದರು. ಇಷ್ಟೇ ಆದದ್ದು.

ಪೋಷಕರು ದೂರಿದರು. ಯಾವ ಪಕ್ಷವನ್ನೂ ವಹಿಸಬೇಡಿ ಎಂದು ಮುಖ್ಯೋಪಾಧ್ಯಾಯರು ಸೂಚಿಸಿದರು. ಶೈಕ್ಷಣಿಕ ವರ್ಷ ಮುಗಿದಾಗ ಶಿಕ್ಷಕಿಯ ಗುತ್ತಿಗೆ ನವೀಕರಣವಾಗಲಿಲ್ಲ. ಅದಕ್ಕೆ ಬೇರೆ ಕಾರಣಗಳಿದ್ದವು ಎಂದು ಶಾಲೆ ವಾದಿಸಿತು. ಮೇಲ್ಮನವಿ ಕೇಳಿದ ನ್ಯಾಯಾಲಯ ಆ ತಕರಾರಿಗೆ ಕೈಹಾಕಲಿಲ್ಲ. ಆ ಮಾತಿಗಾಗಿಯೇ ಕೆಲಸ ಹೋಯಿತೆಂದು ಇಟ್ಟುಕೊಂಡರೂ ಶಿಕ್ಷಕಿ ಗೆಲ್ಲುವಂತಿಲ್ಲ ಎಂದು 2007ರಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬರೆದ ನ್ಯಾಯಮೂರ್ತಿ ಫ್ರಾಂಕ್ ಈಸ್ಟರ್‌ಬ್ರೂಕ್ ಅವರ ತರ್ಕ ಸರಳ. ತರಗತಿಯಲ್ಲಿ ಶಿಕ್ಷಕರು ಆಡುವ ಮಾತು ಸಂಬಳ ಕೊಟ್ಟು ಶಾಲೆ ಪಡೆಯುವ ಸೇವೆ. ಏನು ಕಲಿಸಬೇಕೆಂದು ಹೇಳುವ ಅಧಿಕಾರ ಸಂಬಳ ಕೊಟ್ಟವರದು. ಎದ್ದು ಹೋಗಲಾರದೆ ಕೂತ ಮಕ್ಕಳು ಒಬ್ಬೊಬ್ಬ ಶಿಕ್ಷಕರ ಸ್ವಂತ ಅಭಿಪ್ರಾಯಗಳನ್ನೆಲ್ಲ ಕೇಳಬೇಕಾಗಿಲ್ಲ. ಸುಪ್ರೀಂ ಕೋರ್ಟ್ ಈ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಕಾನೂನಿನ ಲೆಕ್ಕದಲ್ಲಿ ಈ ತರ್ಕ ಗಟ್ಟಿಯೇ. ಆದರೂ ನನಗೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ಯಜಮಾನ ಮತ್ತು ನೌಕರನ ನಡುವಿನ ವ್ಯಾಜ್ಯ ಬಗೆಹರಿಯಿತು, ಆದರೆ ಪ್ರಶ್ನೆ ಕೇಳಿದ ಮಗುವಿನ ವಿಚಾರ ಎಲ್ಲಿಯೂ ಬರಲಿಲ್ಲ. ಶಾಲೆಯ ಆಡಳಿತ ಮಂಡಳಿಯೇ ಯುದ್ಧದ ಪರ ಪಾಠ ಮಾಡಿ ಎಂದು ಅಪ್ಪಣೆ ಕೊಟ್ಟಿದ್ದರೆ? ಈ ತರ್ಕದ ಪ್ರಕಾರ ಅದಕ್ಕೆ ಅಡ್ಡಿ ಕಾಣುವುದಿಲ್ಲ.

ನಮ್ಮಲ್ಲಿಯ ನಿಯಮಗಳೂ ಇದೇ ಜಾಡಿನವು. ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಅನ್ವಯಿಸುವುದು ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು. 1966ರವು ಹಳತಾದವೆಂದು 2021ರಲ್ಲಿ ಹೊಸವು ಬಂದವು. ಪಕ್ಷದ ಸದಸ್ಯರಾಗಬಾರದು, ಪ್ರಚಾರ ಮಾಡಬಾರದು, ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದು ಇತ್ಯಾದಿ. ತಹಶೀಲ್ದಾರರ ಕಚೇರಿಯ ಗುಮಾಸ್ತರಿಗೂ ಒಂದನೇ ತರಗತಿಯ ಅಕ್ಕೋರಿಗೂ ಒಂದೇ ಪಟ್ಟಿ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಒಬ್ಬ ಶಿಕ್ಷಕರು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಉಚಿತ ಯೋಜನೆಗಳನ್ನೂ ರಾಜ್ಯದ ಸಾಲವನ್ನೂ ಟೀಕಿಸಿ ಜಾಲತಾಣದಲ್ಲಿ ಬರಹ ಹಂಚಿಕೊಂಡದ್ದಕ್ಕೆ ಅಮಾನತಾದರು. ಅವರು ಅದನ್ನು ಮಕ್ಕಳಿಗೆ ಹೇಳಿರಲಿಲ್ಲ, ಮೊಬೈಲಿನಲ್ಲಿ ದೊಡ್ಡವರಿಗೆ ಹೇಳಿದ್ದರು. ಅದೇ ಶಿಕ್ಷಕರು ಆಳುವ ಪಕ್ಷವನ್ನು ತರಗತಿಯಲ್ಲಿ ದಿನವೂ ಹೊಗಳುತ್ತಿದ್ದರೆ ಯಾವ ಅಧಿಕಾರಿಯ ಕಣ್ಣಿಗೂ ಬೀಳುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಶಿಕ್ಷಕರಿಂದ ಸರ್ಕಾರಕ್ಕೆ ಮುಜುಗರವಾಗದಂತೆ ಕಾಯಲು ಈ ನಿಯಮಗಳು ಹುಟ್ಟಿದವು. ಏಳು ವರ್ಷದ ಮಗುವನ್ನು ಕಾಯುವ ಯೋಚನೆ ಅವುಗಳಲ್ಲಿ ಇಲ್ಲ. ಖಾಸಗಿ ಶಾಲೆಯ ಶಿಕ್ಷಕರು ಸರ್ಕಾರಿ ನೌಕರರಲ್ಲವಾದ್ದರಿಂದ ಈ ನಿಯಮಗಳು ಅವರಿಗೆ ಅನ್ವಯಿಸುವುದಿಲ್ಲ.

ಇದೇ ಪ್ರಾಥಮಿಕ ಶಿಕ್ಷಕರನ್ನು ನಾವು ರಾಜಕೀಯದಿಂದ ದೂರವೇನೂ ಇಟ್ಟಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತಲೇ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಹೊರಗಿಡುತ್ತದೆ. ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವವರು, ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವವರು ಇವರೇ. ಶಾಲೆಯ ಕೋಣೆಯೇ ಮತಗಟ್ಟೆ. ಗೋಡೆಯ ಮೇಲಿನ ಮತಗಟ್ಟೆ ಸಂಖ್ಯೆ ಮುಂದಿನ ಸುಣ್ಣದವರೆಗೂ ಅಳಿಯುವುದಿಲ್ಲ. ಇಷ್ಟೆಲ್ಲ ಮಾಡುವ ಪ್ರಾಥಮಿಕ ಶಿಕ್ಷಕರಿಗೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಮಾತ್ರ ಮತವಿಲ್ಲ. ಸಂವಿಧಾನದ 171ನೇ ವಿಧಿ ಆ ಹಕ್ಕನ್ನು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮೀಸಲಿಟ್ಟಿದೆ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರವು, ಒಂದನ್ನೂ ಪ್ರಾಥಮಿಕ ಶಾಲೆ ಮೇಷ್ಟ್ರು ಆರಿಸುವುದಿಲ್ಲ.

ಮಗುವಿನ ವಯಸ್ಸನ್ನು ಮುಂದಿಟ್ಟುಕೊಂಡು ಕಾನೂನು ಬರೆದ ದೇಶ ಇಂಗ್ಲೆಂಡ್. ಅಲ್ಲಿಯ 1996ರ ಶಿಕ್ಷಣ ಕಾಯ್ದೆಯ 406ನೇ ಕಲಂ ಯಾವ ವಿಷಯದ ಪಾಠದಲ್ಲೂ ಪಕ್ಷಪಾತದ ರಾಜಕೀಯ ಅಭಿಪ್ರಾಯವನ್ನು ಬೆಳೆಸಕೂಡದು ಎನ್ನುತ್ತದೆ. ಜೊತೆಗೆ 12 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಶಾಲೆ ಪಕ್ಷ ರಾಜಕೀಯದ ಚಟುವಟಿಕೆಗೆ ಇಳಿಸಬಾರದು ಎಂದು ಬೇರೆಯಾಗಿಯೇ ಹೇಳುತ್ತದೆ. ರಾಜಕೀಯ ವಿಷಯ ತರಗತಿಗೆ ಬಂದರೆ ಎದುರು ವಾದವನ್ನೂ ಸಮತೋಲದಿಂದ ಮಕ್ಕಳ ಮುಂದಿಡಬೇಕು ಎನ್ನುವುದು 407ನೇ ಕಲಂ.

ಸಮತೋಲ ಎಂದರೇನು ಎಂಬ ಪ್ರಶ್ನೆ 2007ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಬಂತು. ಹವಾಮಾನ ಬದಲಾವಣೆ ಕುರಿತ, ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರ ಸಾಕ್ಷ್ಯಚಿತ್ರವನ್ನು ಸರ್ಕಾರ ಪ್ರೌಢಶಾಲೆಗಳಿಗೆ ಕಳಿಸಿತ್ತು. ಒಬ್ಬ ಪೋಷಕರು ತಡೆ ಕೇಳಿದರು. ನ್ಯಾಯಮೂರ್ತಿ ಬರ್ಟನ್ ಚಿತ್ರದಲ್ಲಿ ಒಂಬತ್ತು ಕಡೆ ವಿಜ್ಞಾನದ ಒಮ್ಮತಕ್ಕೆ ಹೊಂದದ ಮಾತುಗಳಿವೆ ಎಂದು ಗುರುತಿಸಿದರು, ಆದರೂ ತಡೆ ಕೊಡಲಿಲ್ಲ. ಅವನ್ನು ಎತ್ತಿ ತೋರಿಸುವ ಮಾರ್ಗದರ್ಶಿಯೊಂದಿಗೆ ತೋರಿಸಬಹುದು ಎಂದರು. ನಮಗೆ ಬೇಕಾದ ಅಂಶ ಇನ್ನೊಂದಿದೆ. ಇಬ್ಬರಿಗೂ ಸಮ ಸಮ ನಿಮಿಷ ಹಂಚುವುದು ಸಮತೋಲವಲ್ಲ ಎಂದೂ ಅವರು ಸ್ಪಷ್ಟಪಡಿಸಿದರು. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಹತ್ತು ನಿಮಿಷ, ಇಲ್ಲ ಎಂಬುದಕ್ಕೆ ಹತ್ತು ನಿಮಿಷ ಎಂಬ ತಕ್ಕಡಿ ಲೆಕ್ಕ ಶಾಲೆಯಲ್ಲಿ ನಡೆಯುವುದಿಲ್ಲ.

ಇಷ್ಟು ತಿದ್ದಿ ತೀಡಿದ ಕಾನೂನೂ ಪ್ರಾಥಮಿಕ ತರಗತಿಯಲ್ಲಿ ಎಡವುತ್ತದೆ. 2022ರ ಆರಂಭದಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಕಚೇರಿಯಲ್ಲಿ ಲಾಕ್‌ಡೌನ್ ವೇಳೆ ನಡೆದ ಕೂಟಗಳು ದೊಡ್ಡ ಸುದ್ದಿಯಾಗಿದ್ದವು. ನಾಟಿಂಗ್‌ಹ್ಯಾಮಿನ ಒಂದು ಪ್ರಾಥಮಿಕ ಶಾಲೆಯ ಹತ್ತು ಹನ್ನೊಂದರ ಮಕ್ಕಳು ಮಕ್ಕಳ ವಾರ್ತೆ ನೋಡಿ, ಪ್ರಧಾನಿಯನ್ನು ಟೀಕಿಸಿ ತಮ್ಮ ಸಂಸದರಿಗೆ ಪತ್ರ ಬರೆದರು. ಮಕ್ಕಳು ತಾವಾಗಿ ಯೋಚಿಸಿದರು ಎಂದು ಕೆಲವರು ಮೆಚ್ಚಿದರು, ಟೀಚರೇ ಬರೆಸಿದರು ಎಂದು ಕೆಲವರು ರೇಗಿದರು. ಸ್ವಲ್ಪ ದಿನದಲ್ಲೇ ಸರ್ಕಾರ ಶಾಲೆಗಳ ರಾಜಕೀಯ ನಿಷ್ಪಕ್ಷಪಾತದ ಬಗ್ಗೆ ಉದ್ದನೆಯ ಮಾರ್ಗಸೂಚಿ ಹೊರಡಿಸಿತು. ಆ ಕೂಟಗಳು ನಡೆದದ್ದು ಅಜ್ಜಿಯನ್ನೋ ತಾತನನ್ನೋ ಆಸ್ಪತ್ರೆಯಲ್ಲಿ ನೋಡಲು ಆ ಮಕ್ಕಳನ್ನು ಬಿಡದ ದಿನಗಳಲ್ಲಿ. ಸಿಟ್ಟು ಅವರದೇ ಇದ್ದಿರಬಹುದು. ಆದರೆ ಇಡೀ ತರಗತಿ ಒಂದೇ ದಿಕ್ಕಿನ ಪತ್ರ ಬರೆದಾಗ ಕೈ ಯಾರದು, ಮನಸ್ಸು ಯಾರದು ಎಂದು ಬಿಡಿಸಿ ಹೇಳುವುದು ಕಷ್ಟ.

ಆ ಕಷ್ಟಕ್ಕೆ ಕಾರಣ ಮಕ್ಕಳ ವಯಸ್ಸಿನಲ್ಲಿದೆ. ಮಕ್ಕಳ ನೈತಿಕ ತೀರ್ಮಾನಗಳ ಬಗ್ಗೆ 1932ರಲ್ಲಿ ಪುಸ್ತಕ ಬರೆದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ, ಅದಕ್ಕಾಗಿ ಗೋಲಿ ಆಡುವ ಹುಡುಗರ ನಡುವೆ ಹೋಗಿ ಕೂತಿದ್ದರು. ಆಟದ ನಿಯಮ ಎಲ್ಲಿಂದ ಬಂತು, ಬದಲಾಯಿಸಬಹುದೇ ಎಂದು ಕೇಳಿದರು. ಚಿಕ್ಕವರ ಪ್ರಕಾರ ನಿಯಮ ಅಪ್ಪಂದಿರಿಂದ ಬಂದದ್ದು, ಊರ ಹಿರಿಯರಿಂದ ಬಂದದ್ದು, ಕೆಲವರಿಗೆ ದೇವರಿಂದಲೇ ಬಂದದ್ದು, ಮುಟ್ಟುವಂತಿಲ್ಲ. ಹತ್ತು ವರ್ಷ ದಾಟುತ್ತ ಬಂದವರು ಮಾತ್ರ ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಎನ್ನತೊಡಗಿದ್ದರು. ಪಿಯಾಜೆಯ ವಯಸ್ಸಿನ ಗೆರೆಗಳನ್ನು ನಂತರದವರು ಹಿಂದೆ ಮುಂದೆ ಸರಿಸಿದ್ದಾರೆ. ಆದರೆ ಎರಡನೇ ತರಗತಿಯ ಮಗುವಿನ ಹೋಮ್‌ವರ್ಕ್ ತಿದ್ದಲು ಹೋದ ಯಾವ ಅಪ್ಪ ಅಮ್ಮನಿಗೂ ಇದು ಗೊತ್ತಿರುವುದೇ. ಲೆಕ್ಕ ತಪ್ಪಾಗಿದೆ ಎಂದು ಇಂಜಿನಿಯರ್ ಅಪ್ಪ ಹೇಳಿದರೂ ಮಗು ಜಪ್ಪಯ್ಯ ಅನ್ನುವುದಿಲ್ಲ. ಮಿಸ್ ಹೀಗೇ ಹೇಳಿದ್ದಾರೆ. ಕಲಬುರಗಿ ಕಡೆಯಾದರೆ, ಅಕ್ಕೋರ್ ಹೇಳ್ಯಾರ. ಅಲ್ಲಿಗೆ ಮುಗಿಯಿತು.

ಈ ನಂಬಿಕೆ ಇಲ್ಲದಿದ್ದರೆ ಅ ಆ ಇ ಈ ಕಲಿಸುವುದೂ ಆಗುವುದಿಲ್ಲ. ಯಾಕೆ ಹೀಗೆ ಬರೆಯಬೇಕು ಎಂದು ಕೇಳದೆ ತಿದ್ದುವ ಮಗು, ಅದೇ ನಂಬಿಕೆಯಲ್ಲಿ ಮೇಷ್ಟ್ರ ರಾಜಕೀಯವನ್ನೂ ತಿದ್ದಿಕೊಳ್ಳುತ್ತದೆ. ಕಾಲೇಜಿನ ಹುಡುಗಿ ಉಪನ್ಯಾಸಕರ ಮಾತಿಗೆ ಹಿಂದಿನ ಬೆಂಚಿನಲ್ಲಿ ಕೂತು ನಗಬಲ್ಲಳು, ಬೇರೆ ಪುಸ್ತಕ ಓದಿ ಎದುರಾಡಬಲ್ಲಳು. ಮೂರನೇ ತರಗತಿಯ ಮಗುವಿಗೆ ಆ ಬಾಗಿಲುಗಳಿಲ್ಲ. ಹಾಗಾಗಿ ಇದನ್ನು ಶಿಕ್ಷಕರ ವಾಕ್ ಸ್ವಾತಂತ್ರ್ಯದ ಪ್ರಶ್ನೆಯಾಗಿ ನೋಡುವುದು ನನಗೆ ಸರಿಕಾಣದು. ಊರ ಕಟ್ಟೆಯಲ್ಲಿ, ಸಂಘದ ಸಭೆಯಲ್ಲಿ, ಪತ್ರಿಕೆಯಲ್ಲಿ ಶಿಕ್ಷಕರಿಗೆ ಈಗಿರುವುದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಇರಲಿ, ಹೊಸದುರ್ಗದ ಅಮಾನತು ಅನ್ಯಾಯವೆಂದೇ ನನ್ನ ಎಣಿಕೆ. ಆದರೆ ಒಂದರಿಂದ ಐದರ ಕೋಣೆಯೊಳಗೆ ಅವರು ಈಗ ತಮಗೆ ತಾವೇ ಇಟ್ಟುಕೊಂಡಿರುವ ಸಂಯಮಕ್ಕಿಂತ ಹೆಚ್ಚಿನದು ಬೇಕು.

ಅಲ್ಲಿ ರಾಜಕೀಯ ಭಾಷಣವಾಗಿ ಬರುವುದೇ ಇಲ್ಲ. ಯಾವ ಶಿಕ್ಷಕಿಯೂ ಇಂಥ ಪಕ್ಷಕ್ಕೆ ಮತ ಹಾಕು ಅಂತ ನಿಮ್ಮಪ್ಪನಿಗೆ ಹೇಳು ಎನ್ನುವುದಿಲ್ಲ. ನಿಮ್ಮಪ್ಪ ಯಾವ ಪಾರ್ಟಿಯೋ ಎಂದು ನಗುನಗುತ್ತ ಕೇಳುತ್ತಾರೆ, ಉತ್ತರ ಕೇಳಿ ಪಕ್ಕದ ಟೀಚರ್ ಮುಖ ನೋಡುತ್ತಾರೆ. ಬಸ್ಸಿನಲ್ಲಿ ಅಮ್ಮನಿಗೆ ಫ್ರೀ ಎಂದು ಮಗು ಹೇಳಿದಾಗ, ಹೌದಪ್ಪ ನಮ್ಮ ತೆರಿಗೆ ದುಡ್ಡು ಎಂದು ಒಂದು ಮಾತು ತೇಲಿಬಿಡುತ್ತಾರೆ.

2021ರ ಡಿಸೆಂಬರಿನ ಮೊಟ್ಟೆಯ ವಿಚಾರವನ್ನೇ ನೋಡಿ. ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳದಂಥ ಜಿಲ್ಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ಹೆಚ್ಚಿದೆ ಎಂದು ಸರ್ಕಾರ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡಲು ಶುರು ಮಾಡಿತು, ತಿನ್ನದವರಿಗೆ ಬಾಳೆಹಣ್ಣು. ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೇ ಬೇಕು ಎಂದು ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ದಬಾಯಿಸಿದ ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಈಗ ಯಾವುದೇ ಶಾಲೆಯ ವರಾಂಡ ಕಲ್ಪಿಸಿಕೊಳ್ಳಿ. ಮೊಟ್ಟೆಯವರು ಈ ಸಾಲು, ಬಾಳೆಹಣ್ಣಿನವರು ಆ ಸಾಲು ಎಂದು ಶಿಕ್ಷಕರು ವಿಂಗಡಿಸಿದರೆ ಸಾಲಿಗೆ ಜಾತಿ ಬಂದುಬಿಡುತ್ತದೆ. ಮೊಟ್ಟೆ ಎತ್ತಿಕೊಂಡ ಮಗುವಿನ ಎದುರು ಮೂಗು ಮುರಿದರೆ ಮಗುವಿಗೆ ಅರ್ಥವಾಗುತ್ತದೆ. ಬಾಳೆಹಣ್ಣು ತೆಗೆದುಕೊಂಡವನನ್ನು ‘ಪುಳಿಚಾರು’ ಎಂದು ಗೇಲಿ ಮಾಡಿದರೂ ಅರ್ಥವಾಗುತ್ತದೆ. ಮಾತೇ ಆಡದೆ ರಾಜಕೀಯ ಪಾಠ ಮುಗಿದಿರುತ್ತದೆ. ಯಾವ ನಡತೆ ನಿಯಮವೂ ಮುಖಭಾವವನ್ನು ಹಿಡಿಯಲಾರದು.

ಇದಕ್ಕಿಂತ ದೊಡ್ಡ ಸದ್ದಿನ ಎರಡು ಘಟನೆಗಳು ಕರ್ನಾಟಕದಲ್ಲಿ ಒಂದರ ಬೆನ್ನಿಗೆ ಒಂದು ನಡೆದವು. 2019ರ ಡಿಸೆಂಬರಿನಲ್ಲಿ ಕಲ್ಲಡ್ಕದ ಶಾಲೆಯೊಂದರ ಕ್ರೀಡೋತ್ಸವದಲ್ಲಿ ವಿದ್ಯಾರ್ಥಿಗಳು ಬಾಬರಿ ಮಸೀದಿಯ ಧ್ವಂಸವನ್ನು ಅಭಿನಯಿಸಿ ತೋರಿಸಿದರು. ಕೇಂದ್ರ ಸಚಿವರೂ ಪುದುಚೇರಿಯ ಉಪರಾಜ್ಯಪಾಲರೂ ಅತಿಥಿಗಳಾಗಿದ್ದರು. ಪ್ರಕರಣ ದಾಖಲಾಯಿತು. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯಲ್ಲಿ 4, 5, 6ನೇ ತರಗತಿಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ನಾಟಕ ಆಡಿದರು, ಅದರಲ್ಲಿ ಪ್ರಧಾನಿಯ ಬಗ್ಗೆ ಚಪ್ಪಲಿಯ ಮಾತು ಬಂತು. ಈ ಬಾರಿ ದೇಶದ್ರೋಹದ ಕಲಮೇ ಬಿತ್ತು. ಮುಖ್ಯ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಜೈಲು ಸೇರಿದರು. ಪೊಲೀಸರು ಹಲವು ಸಲ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು.

ಎರಡೂ ಕಡೆ ದೊಡ್ಡವರ ಜಗಳಕ್ಕೆ ಮಕ್ಕಳ ಬಾಯಿಯನ್ನು, ಕೈಕಾಲನ್ನು ಬಳಸಿಕೊಂಡರು. ಅದರಲ್ಲಿ ನನಗೆ ಸಂಶಯವಿಲ್ಲ. ಪೌರತ್ವದ ಆತಂಕ ಆ ಮಕ್ಕಳ ಮನೆಗಳಲ್ಲಿ ನಿಜವಾಗಿಯೇ ಇತ್ತು, ಊಟಕ್ಕೆ ಕೂತಾಗ ಅದೇ ಮಾತು ನಡೆದಿರುತ್ತದೆ. ಶಾಲೆ ಅದನ್ನು ಕೇಳಿಸಿಕೊಳ್ಳಬೇಕಿತ್ತು. ಅದನ್ನು ಸಂಭಾಷಣೆ ಬರೆದುಕೊಟ್ಟು ವೇದಿಕೆಗೆ ಹತ್ತಿಸುವುದು ಬೇರೆಯ ಕೆಲಸ. ಆದರೆ ಮಗುವಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ನಾಟಕವೋ ಆಮೇಲಿನದೋ? ಅಮ್ಮ ಜೈಲಿಗೆ ಹೋದದ್ದು ತಾನು ಆಡಿದ ಮಾತಿನಿಂದ ಎಂದು ತಿಳಿದುಕೊಂಡ ಮಗುವಿಗೆ ಯಾವ ನಾಟಕದ ಮೇಷ್ಟ್ರೂ ಅಷ್ಟು ಹಾನಿ ಮಾಡಲಾರರು. ಸಮವಸ್ತ್ರ ತೊಟ್ಟು, ಆಯುಧ ಇಟ್ಟುಕೊಂಡು ಮಕ್ಕಳನ್ನು ವಿಚಾರಿಸಿದ್ದು ಮೇಲುನೋಟಕ್ಕೇ ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರ ಜೂನಿನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು. ದೇಶದ್ರೋಹಕ್ಕೆ ಬೇಕಾದ ಅಂಶಗಳೇ ಇಲ್ಲ, ಆದರೆ ಆ ಬೈಗುಳ ಬೇಜವಾಬ್ದಾರಿಯದು, ಶಾಲೆಗಳು ಇಂದಿನ ರಾಜಕೀಯದ ವಸ್ತುಗಳನ್ನು ಬಿಟ್ಟು ಮಕ್ಕಳ ಕಲಿಕೆಗೆ ನೆರವಾಗುವ ನಾಟಕ ಆಡಿಸುವುದು ಒಳ್ಳೆಯದು ಎಂದಿತು. ಈ ಬುದ್ಧಿಮಾತನ್ನು ಮೊದಲ ದಿನವೇ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ ಶಾಲೆಗೆ ಹೋಗಿ ಹೇಳಿದ್ದರೆ ಸಾಕಾಗಿತ್ತು. ಮೂರು ವರ್ಷ, ಎರಡು ಬಂಧನ, ಒಂದು ದೇಶದ್ರೋಹದ ಕಲಂ ಬೇಕಾಯಿತು.

ಹಾಗಾದರೆ ಮೇಷ್ಟ್ರು ಬಾಯಿ ಹೊಲಿದುಕೊಳ್ಳಬೇಕೆ? ಸ್ವಾತಂತ್ರ್ಯದ ಕಾಲದಲ್ಲಿ ಹೀಗೆ ಅಂದುಕೊಂಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕರ್ನಾಟಕದ ಗಾಂಧಿ ಎನಿಸಿಕೊಂಡ ಹರ್ಡೇಕರ ಮಂಜಪ್ಪನವರು ಶಿರಸಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಸ್ವದೇಶಿ ಚಳವಳಿಯ ಕಾವು ಏರಿದಾಗ ಅವರು ಮಾಡಿದ್ದು ನೌಕರಿಗೆ ರಾಜೀನಾಮೆ ಕೊಟ್ಟು, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದ್ದು. ತಮ್ಮ ರಾಜಕೀಯಕ್ಕೆ ಓದುಗರನ್ನು ಹುಡುಕಿಕೊಂಡರು, ಒಪ್ಪದವರು ಚಂದಾ ನಿಲ್ಲಿಸಬಹುದಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರದ್ದು. ದಲಿತ ಮಹಿಳೆ ಮಾಡಿದ ಬಿಸಿಯೂಟವನ್ನು ಉಣ್ಣಬೇಡಿ ಎಂದು ಊರಿನವರು ಮಕ್ಕಳಿಗೆ ಹೇಳಿ ಕಳಿಸಿದಾಗ, ಎಲ್ಲರೂ ಒಂದೇ ಸಾಲಲ್ಲಿ ಕೂತು ಉಣ್ಣಿ ಎನ್ನುವ ಶಿಕ್ಷಕಿಯ ಮಾತೂ ಆ ಊರಿನ ಲೆಕ್ಕದಲ್ಲಿ ರಾಜಕೀಯವೇ. ಇಲ್ಲಿ ಎರಡೂ ಕಡೆ ಕೇಳಿಸುತ್ತೇನೆ ಎಂದು ಕೂರುವುದು ಹೇಡಿತನ. ಅಸ್ಪೃಶ್ಯತೆಯನ್ನು 17ನೇ ವಿಧಿ ರದ್ದು ಮಾಡಿದೆ. ಪಾಠ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಹೇಳುತ್ತದೆ. ಅದೇ ಕಲಂ ಮಗು ಭಯ ಆತಂಕಗಳಿಲ್ಲದೆ ತನ್ನ ಅನಿಸಿಕೆ ಹೇಳುವಂತಿರಬೇಕು ಎಂದೂ ಹೇಳುತ್ತದೆ. ಜೊತೆಗೆ ಕೂತು ಉಣ್ಣುವುದು ಶಿಕ್ಷಕಿಯ ಸ್ವಂತ ಅಭಿಪ್ರಾಯವಲ್ಲ. ಯಾವ ಸರ್ಕಾರ ಒಳ್ಳೆಯದು ಎಂಬುದು ಸ್ವಂತ ಅಭಿಪ್ರಾಯ. ನಡುವೆ ಮಂಜು ಕವಿದ ಜಾಗ ದೊಡ್ಡದೇ ಇದೆ, ಅಲ್ಲಿ ಶಿಕ್ಷಕರ ವಿವೇಕವೇ ದಾರಿ.

ಆ ವಿವೇಕವನ್ನು ಸರ್ಕಾರಗಳು ಬೆಳೆಯಗೊಡುತ್ತಿವೆಯೇ? 2017ರಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯ ಪಠ್ಯ, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, 2023ರ ಜೂನಿನಲ್ಲಿ ಹೊಸ ಸರ್ಕಾರದಿಂದ ಅದರ ಪರಿಷ್ಕರಣೆ. ಕೊನೆಯ ಸಲ ಪುಸ್ತಕಗಳು ಆಗಲೇ ಅಚ್ಚಾಗಿ ಶಾಲೆ ಸೇರಿದ್ದವು. ಪುಸ್ತಕದಲ್ಲಿರುವ ಯಾವ ಪಾಠ ಬಿಡಬೇಕು, ಯಾವುದನ್ನು ಸೇರಿಸಿಕೊಳ್ಳಬೇಕು ಎಂದು ಶಿಕ್ಷಕರಿಗೆ ಬೇರೆ ಸೂಚನೆ ಹೋಯಿತು. ಮಗುವಿನ ಕೈಯಲ್ಲಿ ಪಾಠ ಇದೆ, ಓದುವಂತಿಲ್ಲ. ಯಾಕೆ ಸಾರ್ ಎಂದರೆ ಏನು ಹೇಳಬೇಕು? ಪಕ್ಷ ರಾಜಕೀಯವನ್ನು ತರಗತಿಗೆ ತರಬೇಡಿ ಎಂದು ಶಿಕ್ಷಕರಿಗೆ ಉಪದೇಶಿಸುವ ಎರಡೂ ಬಣದವರು ಮೊದಲು ಈ ಮಗುವಿಗೆ ಉತ್ತರ ಕೊಡಲಿ.

ನಿಷ್ಪಕ್ಷಪಾತದ ಹೆಸರಿನಲ್ಲಿ ದೂರು ಕೊಡುವವರ ಮೇಲೂ ಒಂದು ಕಣ್ಣಿಡಬೇಕು. ಜರ್ಮನಿಯಲ್ಲಿ 2018ರಲ್ಲಿ ಬಲಪಂಥೀಯ ಎಎಫ್‌ಡಿ ಪಕ್ಷ ಹ್ಯಾಂಬರ್ಗಿನಲ್ಲಿ ತನ್ನ ವಿರುದ್ಧ ಮಾತಾಡುವ ಶಿಕ್ಷಕರ ಬಗ್ಗೆ ದೂರು ಕೊಡಿ ಎಂದು ಜಾಲತಾಣವನ್ನೇ ತೆರೆಯಿತು. ಅದು ಆಧರಿಸಿಕೊಂಡ ತತ್ತ್ವಗಳು ಮಾತ್ರ ಒಳ್ಳೆಯವು. 1976ರಲ್ಲಿ ಸ್ಟುಟ್‌ಗಾರ್ಟ್ ಬಳಿಯ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಎಡ ಬಲದ ಶಿಕ್ಷಣ ತಜ್ಞರು ಸೇರಿ ಮೂಡಿಸಿಕೊಂಡ ಒಮ್ಮತ ಅದು. ಮಕ್ಕಳ ಮೇಲೆ ಅಭಿಪ್ರಾಯ ಹೇರಿ ಅವರ ಸ್ವಂತ ತೀರ್ಮಾನಕ್ಕೆ ಅಡ್ಡ ಬರಬಾರದು. ಸಮಾಜದಲ್ಲಿ ವಿವಾದವಾಗಿರುವುದು ತರಗತಿಯಲ್ಲೂ ವಿವಾದವಾಗಿಯೇ ಕಾಣಬೇಕು. ತನ್ನ ಹಿತ ಯಾವುದರಲ್ಲಿದೆ ಎಂದು ವಿದ್ಯಾರ್ಥಿಯೇ ಅಳೆಯಬಲ್ಲವನಾಗಬೇಕು. ಅದು ಕಾನೂನಲ್ಲ, ಆದರೂ ಜರ್ಮನಿಯ ಶಿಕ್ಷಕರು ಇಂದಿಗೂ ಅದನ್ನು ಬಳಸುತ್ತಾರೆ.

ಎರಡನೆಯ ತತ್ತ್ವ ಪುಟ್ಟ ಮಕ್ಕಳಿಗೂ ಹೊಂದುತ್ತದೆ, ಸ್ವಲ್ಪ ಇಳಿಸಿಕೊಳ್ಳಬೇಕು ಅಷ್ಟೇ. ಟೀಚರ್, ನೀವು ಯಾರಿಗೆ ವೋಟು ಹಾಕ್ತೀರಿ ಎಂದು ಮಗು ಕೇಳಿದರೆ ಗದರಿಸಬೇಕಾಗಿಲ್ಲ, ಉತ್ತರಿಸಲೂ ಬೇಕಾಗಿಲ್ಲ. ಅದು ಗುಟ್ಟು ಪುಟ್ಟ, ಗುಟ್ಟಾಗಿಡಲೆಂದೇ ಮತಗಟ್ಟೆಯಲ್ಲಿ ರಟ್ಟಿನ ಮರೆ ಇಟ್ಟಿರುತ್ತಾರೆ ಎಂದರೆ ಅದೇ ಒಂದು ಪೌರನೀತಿ ಪಾಠ. ವಿಹಾರಕ್ಕೆ ಎಲ್ಲಿ ಹೋಗೋಣ ಎಂದು ಚೀಟಿ ಹಾಕಿಸಿ ಎಣಿಸಬಹುದು, ಸೋತವರೂ ಬಸ್ಸು ಹತ್ತುತ್ತಾರೆ. ಮೊಟ್ಟೆ ಬೇಕು ಬೇಡ ಎಂಬ ವಾದದಲ್ಲಿ ಯಾರು ಯಾಕೆ ಏನು ಹೇಳುತ್ತಿದ್ದಾರೆ ಎಂದು ಐದನೇ ತರಗತಿಯವರಿಂದಲೇ ಹೇಳಿಸಬಹುದು. ಇಂಡಿಯಾನಾದ ಆ ಶಿಕ್ಷಕಿಯ ಹಾರ್ನ್ ನನ್ನ ದೃಷ್ಟಿಯಲ್ಲಿ ಅಪರಾಧವಲ್ಲ, ಮಗು ಕೇಳಿದ ನೇರ ಪ್ರಶ್ನೆಗೆ ಸತ್ಯವಾದ ಒಂದು ಉತ್ತರ. ಹಾರ್ನ್ ಮಾಡದೆ ಮುಂದೆ ಹೋದವರೂ ಇದ್ದರು, ಅವರು ಯಾಕೆ ಮಾಡಲಿಲ್ಲ ಅಂತ ಗೊತ್ತಾ ಎಂದು ಕೇಳಿದ್ದರೆ ಪಾಠ ಪೂರ್ತಿಯಾಗುತ್ತಿತ್ತು. ಒಂದು ವಾಕ್ಯದ ಕೊರತೆಗೆ ನೌಕರಿ ಹೋಗಬಾರದಿತ್ತು.

ನಮ್ಮಲ್ಲಿ ಇಂಥ ವಾಕ್ಯಗಳನ್ನು ಯಾರೂ ಶಿಕ್ಷಕರಿಗೆ ಕಲಿಸುವುದಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಅಂಕಿ ಅಂಶ ತುಂಬುವುದರಲ್ಲೇ ಹೊತ್ತು ಹೋಗುತ್ತದೆ. ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಬಹುದು: ಮಕ್ಕಳು ಕೇಳಿದ ಕಷ್ಟದ ಪ್ರಶ್ನೆಗಳು ಯಾವುವು, ನೀವು ಏನು ಹೇಳಿದಿರಿ. ಇಲಾಖೆ ತನ್ನ ಕಡೆಯಿಂದ ಎರಡು ಸಾಲು ಬರೆದರೆ ಸಾಕು. ಮೊದಲನೆಯದು, ಪ್ರಾಥಮಿಕ ತರಗತಿಯ ಮಕ್ಕಳನ್ನು ಯಾವ ಪಕ್ಷದ, ಯಾವ ಸಂಘಟನೆಯ ಪ್ರದರ್ಶನಕ್ಕೂ ಬಳಸತಕ್ಕದ್ದಲ್ಲ, ಆಳುವವರ ಸ್ವಾಗತಕ್ಕೆ ಬಿಸಿಲಲ್ಲಿ ಹೂ ಹಿಡಿಸಿ ನಿಲ್ಲಿಸುವುದೂ ಸೇರಿ. ಎರಡನೆಯದು, ತರಗತಿಯ ಮಾತಿನ ಬಗ್ಗೆ ದೂರು ಬಂದರೆ ಅದನ್ನು ಕೇಳಬೇಕಾದವರು ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಕ್ಷೇತ್ರ ಶಿಕ್ಷಣಾಧಿಕಾರಿ ಈ ಕ್ರಮದಲ್ಲಿ. ಶಾಲೆಯ ಗೇಟಿನ ಮುಂದೆ ಧ್ವಜ ಹಿಡಿದು ನಿಂತವರೂ ಠಾಣೆಯ ಇನ್‌ಸ್ಪೆಕ್ಟರೂ ಆ ಪಟ್ಟಿಯಲ್ಲಿ ಇಲ್ಲ.